ನಡುಗುವ ಪರದೆ, ಜುಮ್ಮೆನ್ನುವ ನಲ್ಲಿ

ಮಧುಗಿರಿಯಲ್ಲಿ ಬೆಟ್ಟದ ನೆರಳು ಬೀಳುವ ಬೀದಿಯೊಂದರ ಮನೆಗೆ 2000ನೇ ಇಸವಿಯ ಯುಗಾದಿ ಕಳೆದ ವಾರ ಕಂಪ್ಯೂಟರು ಬಂತು. ಮನೆಯ ಯಜಮಾನರು ಕಚೇರಿಯೊಂದರಲ್ಲಿ ಗುಮಾಸ್ತರು. ಸೊಸೈಟಿಯಲ್ಲಿ ಸಾಲ ಎತ್ತಿ ತಂದ ಯಂತ್ರ ಅದು. ಡಿಗ್ರಿ ಮುಗಿಸಿ ಮನೆಯಲ್ಲಿದ್ದ ಮಗಳು ಮದುವೆ ಕಾಗದ, ಶಾಲೆಗಳ ಪ್ರಶ್ನೆಪತ್ರಿಕೆ, ಸಂಘಸಂಸ್ಥೆಗಳ ಕರಪತ್ರ ಎಲ್ಲವನ್ನೂ ಕಂಪೋಸ್ ಮಾಡಿಕೊಟ್ಟು ತಿಂಗಳ ಕಂತು ತೀರಿಸುವುದು ಎಂದು ಮಾತಾಗಿತ್ತು. 'ಬರಹ' ತಂತ್ರಾಂಶ ಬಂದು ಎರಡು ವರ್ಷವಾಗಿತ್ತು. ಕನ್ನಡದಲ್ಲಿ ಟೈಪು ಮಾಡಲು ದೊಡ್ಡ ತರಬೇತಿಯೇನೂ ಬೇಕಿರಲಿಲ್ಲ.

ಮೊದಲ ದಿನ ಮಂಗಳಾರತಿ, ಕುಂಕುಮ, ಬೀದಿಯ ಮಕ್ಕಳಿಗೆಲ್ಲ ಪೆಪ್ಪರಮೆಂಟು. ಎರಡನೆಯ ದಿನ ಬೆಳಿಗ್ಗೆ ಪರದೆ ನಡುಗತೊಡಗಿತು.

ನಡುಕವೆಂದರೆ ಚಿತ್ರ ಹಾರಿಹೋಗುವುದಲ್ಲ, ಕಪ್ಪಾಗುವುದೂ ಅಲ್ಲ. ಹರಿಯುವ ನೀರಿನಡಿ ಇಟ್ಟ ಕಾಗದದ ಹಾಗೆ ಅಕ್ಷರಗಳೆಲ್ಲ ಅತ್ತಿತ್ತ ಸಣ್ಣಗೆ ತೂಗುತ್ತವೆ. ಒಂದರ್ಧ ಗಂಟೆ ಇರುತ್ತದೆ, ತಾನಾಗಿಯೇ ನಿಲ್ಲುತ್ತದೆ. ಸಂಜೆ ಮತ್ತೆ ಬರುತ್ತದೆ. ಇಂಗ್ಲಿಷ್ ಅಕ್ಷರವಾದರೆ ಹೇಗೋ ಓದಿಕೊಳ್ಳಬಹುದು. ಕನ್ನಡದಲ್ಲಿ ದ ಮತ್ತು ಧಗಳ ನಡುವೆ, ಪ ಮತ್ತು ಷಗಳ ನಡುವೆ ಇರುವುದು ಒಂದು ಗೀಟು. ಹುಡುಗಿ ಕಣ್ಣುಜ್ಜಿಕೊಂಡು ಹೊಡೆದ ಮೊದಲ ಮದುವೆ ಕಾಗದದಲ್ಲಿ 'ವಧು' ಹೋಗಿ 'ವದು' ಎಂದು ಅಚ್ಚಾಯಿತು. ಹೆಣ್ಣಿನ ಕಡೆಯವರು ಸಿಟ್ಟಾದರು, ಮುನ್ನೂರು ಕಾಗದ ಮನೆಯ ಖರ್ಚಿನಲ್ಲೇ ಮತ್ತೊಮ್ಮೆ ಅಚ್ಚಾದವು. ಮೊದಲ ತಿಂಗಳ ಸಂಪಾದನೆ ಅಲ್ಲಿಗೆ ಮುಗಿಯಿತು.

ನಮ್ಮ ಕಡೆ ಯಾವುದೇ ಯಂತ್ರ ಕೆಟ್ಟರೂ ತಜ್ಞರಿಗೆ ಬರವಿಲ್ಲ. ಮೊದಲು ಬಂದದ್ದು ಅಂಗಡಿಯ ಹುಡುಗ. ಅವನು ಬಂದಾಗ ಪರದೆ ಕಲ್ಲಿನಂತೆ ನಿಂತಿತ್ತು. ಆದರೂ ಪಾಪ, ಮಾನಿಟರನ್ನೇ ಬದಲಿಸಿಕೊಟ್ಟ. ಹೊಸದೂ ಮರುದಿನ ಬೆಳಿಗ್ಗೆ ನಡುಗಿತು. ಆಮೇಲೆ ಬೆಂಗಳೂರಿನಿಂದ ಬಂದಿದ್ದ ಅಕ್ಕನ ಮಗ ಏನೇನೋ ಒತ್ತಿ, ಪರದೆ ಸೆಕೆಂಡಿಗೆ 60 ಸಲ ಚಿತ್ರ ಬರೆಯುತ್ತಿದ್ದುದನ್ನು 75 ಸಲಕ್ಕೆ ಏರಿಸಿದ. ಕುಣಿತ ಹೋಗಿ ಚಳಿಜ್ವರದ ನಡುಕ ಬಂತು; ನಿಲ್ಲಲಂತೂ ಇಲ್ಲ. ಮೂರನೆಯವರು ವಾಸ್ತು ಬಲ್ಲವರು. 'ಯಂತ್ರ ದಕ್ಷಿಣ ನೋಡ್ತಿದೆ, ಈಶಾನ್ಯಕ್ಕೆ ತಿರುಗಿಸಿ ಎದುರು ಗೋಡೆಗೆ ಇಡಿ' ಎಂದರು. ಇಟ್ಟರು. ನಡುಕ ಮುಕ್ಕಾಲು ಪಾಲು ಇಳಿದುಹೋಯಿತು! ವಾಸ್ತುವಿನವರ ಕೀರ್ತಿ ಬೀದಿಯಲ್ಲೆಲ್ಲ ಹಬ್ಬಿತು. ಎದುರು ಗೋಡೆಯಲ್ಲಿ ಪ್ಲಗ್ ಪಾಯಿಂಟ್ ಇಲ್ಲದ್ದರಿಂದ ನಡುಮನೆಯಲ್ಲಿ ವೈರು ಹರಡಿಕೊಂಡಿತು, ಎಡವಿ ಬಿದ್ದವರು ಬೈದರು, ಮೇಜು ಮತ್ತೆ ಹಳೆಯ ಜಾಗಕ್ಕೇ ಬಂತು.

ವಾಸ್ತುವಿನವರನ್ನು ಹಾಸ್ಯ ಮಾಡುವ ಮುನ್ನ ಒಂದು ಮಾತು. ಮೂವರಲ್ಲಿ ಸತ್ಯಕ್ಕೆ ಹೆಚ್ಚು ಹತ್ತಿರ ಬಂದಿದ್ದವರು ಅವರೇ. ಕಾರಣ ಬೇರೆ, ಅಷ್ಟೆ.

ಆ ಕಾಲದ ಡುಬ್ಬದ ಮಾನಿಟರು ಎಂದರೆ ಗಾಜಿನ ಒಂದು ದೊಡ್ಡ ಬುರುಡೆ. ಹಿಂದಿನ ಕತ್ತಿನಲ್ಲಿ ಎಲೆಕ್ಟ್ರಾನುಗಳು ಹುಟ್ಟಿ, ಸಾವಿರಾರು ವೋಲ್ಟಿನ ಸೆಳೆತಕ್ಕೆ ಮುಂದೆ ನುಗ್ಗಿ ಪರದೆಗೆ ಬಡಿದು ಬೆಳಕಾಗುತ್ತವೆ. ಈ ಕಿರಣವನ್ನು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಬಾಗಿಸುವುದು ಕತ್ತಿನ ಸುತ್ತಲಿನ ತಂತಿಯ ಸುರುಳಿಗಳ ಕಾಂತಕ್ಷೇತ್ರ. ಕ್ಯಾಥೋಡ್ ಕಿರಣ ಕಾಂತಕ್ಕೆ ಬಾಗುತ್ತದೆಂಬುದು 1897ರಲ್ಲಿ ಜೆ.ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಗುರುತಿಸಿದ ಪ್ರಯೋಗಗಳಲ್ಲೇ ಉಪಯೋಗಕ್ಕೆ ಬಂದ ಸಂಗತಿ. ಆದರೆ ಕಿರಣಕ್ಕೆ ಮನೆಯ ಸುರುಳಿ ಯಾವುದು, ಹೊರಗಿನ ಕಾಂತ ಯಾವುದು ಎಂಬ ಭೇದವಿಲ್ಲ. ಯಾರು ಎಳೆದರೂ ಬಾಗುತ್ತದೆ. ಪಕ್ಕದಲ್ಲಿ ಸ್ಪೀಕರಿನ ಅಯಸ್ಕಾಂತವಿದ್ದರೆ ಅದು ಸ್ಥಿರ ಕಾಂತ. ಪರದೆಯ ಮೂಲೆಯಲ್ಲಿ ಬಣ್ಣದ ಕಲೆ ಮೂಡುತ್ತದೆ, ನಡುಕ ಬರುವುದಿಲ್ಲ. ನಡುಕ ಬಂತೆಂದರೆ ಎಳೆಯುತ್ತಿರುವುದು ಪರ್ಯಾಯ ವಿದ್ಯುತ್ತಿನ ಕಾಂತ ಎಂದು ತಿಳಿಯಬೇಕು.

ಅದು ಹತ್ತು ಸಲ ಏಕೆ ನಡುಗುತ್ತದೆಂಬುದು ಇನ್ನೂ ಸ್ವಾರಸ್ಯ. ಒಂದೇ ಒರಳಿಗೆ ಇಬ್ಬರು ಹೆಂಗಸರು ಒನಕೆ ಹಾಕುವುದನ್ನು ನೆನೆಸಿಕೊಳ್ಳಿ. ಇಬ್ಬರದೂ ಒಂದೇ ಲಯವಾದರೆ ತೊಡಕಿಲ್ಲ. ಒಬ್ಬಳು 60 ಪೆಟ್ಟು ಹಾಕುವಷ್ಟರಲ್ಲಿ ಇನ್ನೊಬ್ಬಳು 50 ಹಾಕಿದರೆ, ಅಷ್ಟರಲ್ಲಿ ಹತ್ತು ಸಲ ಇಬ್ಬರ ಒನಕೆಯೂ ಒಟ್ಟಿಗೆ ಬೀಳುತ್ತದೆ. ಪರದೆ ಸೆಕೆಂಡಿಗೆ 60 ಸಲ ಚಿತ್ರ ಬರೆಯುತ್ತದೆ, ಮನೆಯ ಕರೆಂಟು 50 ಸಲ ತೂಗುತ್ತದೆ. ವ್ಯತ್ಯಾಸದ ಹತ್ತು ಕಣ್ಣಿಗೆ ನಡುಕವಾಗಿ ಕಾಣುತ್ತದೆ. 75ಕ್ಕೆ ಏರಿಸಿದಾಗ ವ್ಯತ್ಯಾಸ 25, ಅದಕ್ಕೇ ನಡುಕ ಸಣ್ಣದಾದದ್ದು. ಅದೇ ಕೋಣೆಯ ಟೀವಿ ಮಾತ್ರ ಏಕೆ ನೆಟ್ಟಗಿತ್ತು ಎಂದು ಮನೆಯವರು ಕೇಳಿದ್ದು ನ್ಯಾಯವೇ. ನಮ್ಮ ದೇಶದ ಟೀವಿ ಬರೆಯುತ್ತಿದ್ದುದು ಸೆಕೆಂಡಿಗೆ 50 ಸಲ. ಇಬ್ಬರ ಒನಕೆಯೂ ಹೆಚ್ಚುಕಡಿಮೆ ಒಂದೇ ಲಯ. ಚಿತ್ರ ಸ್ವಲ್ಪ ಸೊಟ್ಟಗಿದ್ದೀತು, ಹತ್ತಡಿ ದೂರ ಕೂತು ನೋಡುವವರಿಗೆ ಏನು ತಿಳಿದೀತು?

ಆ 50 ಕೂಡ ಆಗ ಪುಸ್ತಕದ ಮಾತಾಗಿತ್ತು. ದಕ್ಷಿಣ ರಾಜ್ಯಗಳ ವಿದ್ಯುತ್ ಜಾಲ ಅಂದು ಉಳಿದ ದೇಶದ ತಾಳಕ್ಕೆ ಕೂಡದೆ ತನ್ನದೇ ತಾಳದಲ್ಲಿ ಓಡುತ್ತಿತ್ತು. ರಾಯಚೂರು-ಸೋಲಾಪುರ ಮಾರ್ಗದ ಮೂಲಕ ಎರಡೂ ಒಂದಾದದ್ದು 2013ರ ಡಿಸೆಂಬರ್ 31ರಂದು. ಬೇಸಿಗೆಯ ಬೇಡಿಕೆಗೆ ಆವೃತ್ತಿ 48ರ ಆಸುಪಾಸಿಗೆ ಕುಸಿಯುವುದಿತ್ತು. ಕೈಗಡಿಯಾರ ಹಿಡಿದು ಆ ಪರದೆಯ ನಡುಕವನ್ನು ಎಣಿಸಬಲ್ಲವರು ಯಾರಾದರೂ ಇದ್ದಿದ್ದರೆ, ಇಡೀ ದಕ್ಷಿಣ ಭಾರತದ ವಿದ್ಯುತ್ತಿನ ನಾಡಿ ಆ ಮೇಜಿನ ಮೇಲೆಯೇ ಸಿಗುತ್ತಿತ್ತು.

ಪರ್ಯಾಯ ಕಾಂತ ಹುಟ್ಟಿಸುವ ವಸ್ತುಗಳು ಮನೆಯಲ್ಲಿ ಬೇಕಾದಷ್ಟಿವೆ. ಸ್ಟೆಬಿಲೈಸರ್, ಯುಪಿಎಸ್, ಟ್ಯೂಬ್‌ಲೈಟಿನ ಚೋಕು, ಫ್ಯಾನು, ಗೋಡೆಯಾಚೆ ಇಟ್ಟ ಫ್ರಿಜ್ಜು. ಒಂದೊಂದನ್ನೇ ಆರಿಸಿ ನೋಡುವುದು, ಮಾನಿಟರನ್ನು ಒಂದು ಮೊಳ ಸರಿಸಿ ನೋಡುವುದು ಪರೀಕ್ಷೆಯ ಸುಲಭ ದಾರಿ. ಹುಡುಗಿ ಅದನ್ನೂ ಮಾಡಿದಳು. ಸ್ಟೆಬಿಲೈಸರನ್ನು ಮೇಜಿನ ಕೆಳಗಿಂದ ತೆಗೆದು ಬಾಗಿಲ ಮೂಲೆಗಿಟ್ಟಾಗ ಸ್ವಲ್ಪ ಗುಣವಾಯಿತು. ಬೆಳಗಿನ ದೊಡ್ಡ ನಡುಕ ಹಾಗೇ ಉಳಿಯಿತು.

ಕೊನೆಗೆ ಅವಳು ಒಂದು ನೋಟ್‌ಬುಕ್ಕಿನಲ್ಲಿ ನಡುಕದ ಹೊತ್ತು ಬರೆಯತೊಡಗಿದಳು. ಹತ್ತು ದಿನದಲ್ಲಿ ಗುಟ್ಟು ಅರ್ಧ ಬಯಲಾಯಿತು. ಬಚ್ಚಲಿನಲ್ಲಿ ನೀರು ಕಾಯಿಸುವ ರಾಡು ಹಾಕಿದ ಹೊತ್ತೇ ನಡುಕದ ಹೊತ್ತು. ಸಂಜೆಯದು ಅಪ್ಪನ ಇಸ್ತ್ರಿ ಪೆಟ್ಟಿಗೆ.

ಇಲ್ಲಿ ವಿಜ್ಞಾನ ಬಲ್ಲವರು ತಲೆ ಕೆರೆದುಕೊಳ್ಳಬೇಕು. ರಾಡಿನಲ್ಲಿ ಟ್ರಾನ್ಸ್‌ಫಾರ್ಮರಿಲ್ಲ, ಮೋಟಾರಿಲ್ಲ; ಇರುವುದು ಬರೀ ಕಾಯುವ ತಂತಿ. ಅದೂ ಮಾನಿಟರಿನಿಂದ ಇಪ್ಪತ್ತಡಿ ದೂರ. ವಿದ್ಯುತ್ ಹರಿಯುವ ತಂತಿ ಕಾಂತಸೂಜಿಯನ್ನು ತಿರುಗಿಸುತ್ತದೆಂದು ಅರ್‌ಸ್ಟೆಡ್ 1820ರಲ್ಲಿ ತೋರಿಸಿಕೊಟ್ಟದ್ದು ನಿಜ. ಆದರೆ ಮನೆಯ ವೈರಿಂಗಿನಲ್ಲಿ ಹೋಗುವ ಫೇಸ್ ತಂತಿ, ಬರುವ ನ್ಯೂಟ್ರಲ್ ತಂತಿ ಎರಡೂ ಒಂದೇ ಪೈಪಿನಲ್ಲಿ ಮೈಗೆ ಮೈ ತಾಗಿ ಇರುತ್ತವೆ. ಒಂದೇ ಹಗ್ಗವನ್ನು ಇಬ್ಬರು ಸಮಬಲದಿಂದ ಆಚೆಗೂ ಈಚೆಗೂ ಎಳೆದ ಹಾಗೆ, ಹೋಗುವುದರ ಕಾಂತವನ್ನು ಬರುವುದರ ಕಾಂತ ಅಳಿಸಿಹಾಕುತ್ತದೆ. ಹಾಗಿರುವಾಗ ರಾಡು ಪರದೆಯನ್ನು ನಡುಗಿಸಿತೆಂದರೆ ಅರ್ಥ ಒಂದೇ: ಹೋದ ದಾರಿಯಲ್ಲಿ ಕರೆಂಟು ಹಿಂತಿರುಗುತ್ತಿಲ್ಲ.

ಅರ್‌ಸ್ಟೆಡ್ ಪ್ರಯೋಗಕ್ಕೆ ಆ ಹುಡುಗಿ ಎಸ್.ಎಸ್.ಎಲ್.ಸಿ.ಯಲ್ಲಿ ಚಿತ್ರ ಬರೆದು ಪೂರ್ತಿ ಅಂಕ ತೆಗೆದಿದ್ದವಳು. ಅದಕ್ಕೂ ಬಚ್ಚಲ ರಾಡಿಗೂ ಸಂಬಂಧವಿದೆಯೆಂದು ಶಾಲೆಯಲ್ಲಿ ಯಾರೂ ಹೇಳಿರಲಿಲ್ಲ. ತಪ್ಪು ಅವಳದಲ್ಲ.

ಗುಟ್ಟಿನ ಉಳಿದರ್ಧ ಒಡೆದದ್ದು ಕೊರಟಗೆರೆಯಿಂದ ಬಂದ ರೇಡಿಯೊ ರಿಪೇರಿಯವರು. ಟ್ರಾನ್ಸಿಸ್ಟರ್ ಕಾಲದಿಂದ ಕೆಲಸ ಮಾಡಿಕೊಂಡು ಬಂದವರು, ಕಂಪ್ಯೂಟರ್ ಮುಟ್ಟಿದವರಲ್ಲ. 'ನಂಗೆ ಅದ್ರ ಹೊಟ್ಟೆ ಗೊತ್ತಿಲ್ಲ ಸಾರ್, ಸದ್ದು ಮಾತ್ರ ಗೊತ್ತು' ಎಂದು ಮೊದಲೇ ಹೇಳಿಬಿಟ್ಟರು. ಚೀಲದಿಂದ ಸೆಲ್ಲಿನ ಒಂದು ಹಳೆಯ ಟೇಪ್ ರೆಕಾರ್ಡರ್ ತೆಗೆದರು. ಕ್ಯಾಸೆಟ್ಟು ಉಜ್ಜುವ ಹೆಡ್ಡನ್ನು ಬಿಚ್ಚಿ, ಎರಡು ಗಜ ವೈರಿನ ತುದಿಗೆ ಕಟ್ಟಿದ್ದರು. ಟೇಪಿನ ಹೆಡ್ಡು ಎಂದರೆ ಕಾಂತವನ್ನು ಸದ್ದು ಮಾಡುವ ಕಿವಿ. ಸ್ಟೆಬಿಲೈಸರ್ ಹತ್ತಿರ ಹಿಡಿದರೆ ಗುಂಯ್ ಎಂದಿತು, ದೂರ ಸರಿದಂತೆ ಸುಮ್ಮನಾಯಿತು. ಸ್ವಿಚ್ ಬೋರ್ಡಿನಿಂದ ಬಚ್ಚಲಿಗೆ ಹೋಗುವ ವೈರಿಂಗಿನ ಉದ್ದಕ್ಕೂ ಹಿಡಿದು ಹೋದರು. ಗುಂಯ್‌ಗುಟ್ಟುವಿಕೆ ಎಲ್ಲೆಡೆ ಒಂದೇ ಸಮ, ಜೋರಿಲ್ಲ. ಮೇಜಿನ ಹಿಂದಿನ ಗೋಡೆಯ ಬುಡಕ್ಕೆ ಬಗ್ಗಿದಾಗ ಸದ್ದು ಏರಿತು. ಗೋಡೆಯಾಚೆಗೆ ಹೋದರು. ಅಲ್ಲಿ ಬೀದಿಯಿಂದ ಬಚ್ಚಲು, ಅಡಿಗೆಮನೆಗಳಿಗೆ ನೀರು ತರುವ ಕಬ್ಬಿಣದ ಪೈಪು. ಹೆಡ್ಡು ಪೈಪಿಗೆ ತಾಗಿದ್ದೇ ತಡ, ಟೇಪ್ ರೆಕಾರ್ಡರು ಬೊಬ್ಬೆ ಹೊಡೆಯಿತು. ರಾಡು ಆರಿಸಿದರು, ನಿಂತಿತು. ಹಾಕಿದರು, ಬೊಬ್ಬೆ.

'ಪೈಪು ಹಾಡ್ತೈತಲ್ರೀ ಸಾರ್! ಇದ್ರಾಗೆ ನೀರಲ್ಲ, ಕರೆಂಟು ಹೋಗ್ತೈತೆ!'

ಅಡಿಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ಮನೆಯಾಕೆ ಆಗ ಬಾಯಿಬಿಟ್ಟರು. 'ನಾನು ಶಿವರಾತ್ರಿಯಿಂದ ಬಡ್ಕೊಳ್ತಿದೀನಿ. ಪಾತ್ರೆ ತೊಳೆಯೋವಾಗ ನಲ್ಲಿ ಮುಟ್ಟಿದ್ರೆ ಜುಮ್ ಅಂತೈತೆ ಅಂತ. ಯಾರ್ ಕೇಳ್ತಾರೆ?'

ಯಾರೂ ಕೇಳಿರಲಿಲ್ಲವೆಂದಲ್ಲ. ಗುಮಾಸ್ತರು ಒಮ್ಮೆ ಎಲೆಕ್ಟ್ರಿಷಿಯನ್‌ನನ್ನು ಕರೆಸಿದ್ದರು. ಅವನು ನಲ್ಲಿಗೆ ಟೆಸ್ಟರ್ ಇಟ್ಟ, ದೀಪ ಹತ್ತಲಿಲ್ಲ, 'ಏನೂ ಇಲ್ಲ ತಾಯಿ, ನಿಮ್ಮ ಭ್ರಮೆ' ಎಂದು ಹೋದ. ಬಳಿಕ ಡಾಕ್ಟರು ನರಗಳ ಬಲಕ್ಕೆಂದು ಮಾತ್ರೆ ಬರೆದರು; ಎರಡು ತಿಂಗಳು ನುಂಗಿದ್ದಾಯಿತು. ಟೆಸ್ಟರಿನೊಳಗಿನ ನಿಯಾನ್ ದೀಪ ಸುಮಾರು 60 ವೋಲ್ಟಿಗಿಂತ ಕೆಳಗೆ ಹತ್ತುವುದೇ ಇಲ್ಲ ಎಂಬುದನ್ನು ಟೆಸ್ಟರ್ ಜೇಬಿಗಿಟ್ಟುಕೊಂಡು ಓಡಾಡುವವರಲ್ಲೂ ಬಹಳ ಜನ ಅರಿಯರು. ಒದ್ದೆ ಕೈ, ಒದ್ದೆ ನೆಲ, ಬರಿಗಾಲು ಕೂಡಿದರೆ ಇಪ್ಪತ್ತು-ಮೂವತ್ತು ವೋಲ್ಟನ್ನೇ ಮೈ ಹೇಳಿಬಿಡುತ್ತದೆ. ಆಕೆಯ ಮೈ ಸರಿಯಾಗಿಯೇ ಅಳೆದಿತ್ತು. ಮಾನಿಟರು ನಡುಗಿದ್ದಕ್ಕೆ ಮೂರು ಊರಿನ ತಜ್ಞರು ಬಂದರು. ಅದಕ್ಕೆ ಸಾಲದ ಕಂತಿತ್ತಲ್ಲ.

ಮರುದಿನ ಲೈನ್‌ಮನ್ ಕಂಬ ಹತ್ತಿದ. ಮನೆಗೆ ಬರುವ ಸರ್ವೀಸ್ ವೈರಿನ ನ್ಯೂಟ್ರಲ್ ಜಾಯಿಂಟು ಬಿಸಿಲಿಗೆ, ಮಳೆಗೆ ಸುಣ್ಣದಂತೆ ಪುಡಿಗಟ್ಟಿತ್ತು. ಒಂದೆರಡು ಎಳೆ ಮಾತ್ರ ಹಿಡಿದಿದ್ದವು. ಕೆಳಗೆ ಮೀಟರ್ ಬೋರ್ಡು ಬಿಚ್ಚಿದರೆ, ಹಿಂದೆಂದೋ ದೀಪ ಮಂಕಾಗಿದ್ದಾಗ ಯಾರೋ ಕೈಚಳಕ ತೋರಿಸಿದ್ದರು. ನ್ಯೂಟ್ರಲ್ಲಿಗೂ ಅರ್ತಿಗೂ ಒಂದು ತುಂಡು ವೈರಿನ ಗಂಟು. ಅರ್ತ್ ತಂತಿಯನ್ನು ನೀರಿನ ಪೈಪಿಗೆ ಸುತ್ತಿದ್ದುದು ಅದಕ್ಕೂ ಹಳೆಯ ಕೆಲಸ. ಹಾಗಾಗಿ ರಾಡಿನ ಆರೂವರೆ ಆಂಪಿಯರಿನಲ್ಲಿ ಒಂದು ಪಾಲು ಕಂಬಕ್ಕೆ ಮರಳಿದರೆ ಇನ್ನೊಂದು ಪಾಲು ಪೈಪು ಹಿಡಿದು ಬೀದಿಗಿಳಿಯುತ್ತಿತ್ತು. ಪೈಪಿನಲ್ಲಿ 3 ಆಂಪಿಯರು ಎಂದಿಟ್ಟುಕೊಂಡರೆ ಮೊಳದಳತೆಯ ದೂರದಲ್ಲಿದ್ದ ಮಾನಿಟರಿನ ಮೇಲೆ ಸುಮಾರು ಒಂದು ಮೈಕ್ರೊಟೆಸ್ಲಾದಷ್ಟು ಕಾಂತ. ಭೂಮಿಯ ಕಾಂತಕ್ಕೆ ಹೋಲಿಸಿದರೆ ನಲವತ್ತರಲ್ಲೊಂದು ಪಾಲು. ಎಲೆಕ್ಟ್ರಾನು ನಡುಗಲು ಅಷ್ಟು ಸಾಕು. ಮೇಜನ್ನು ಎದುರು ಗೋಡೆಗೆ ಸರಿಸಿದಾಗ ಪೈಪು ದೂರವಾಯಿತು, ಈಶಾನ್ಯಕ್ಕೆ ಶ್ರೇಯಸ್ಸು ಬಂತು.

ಅದೇ 3 ಆಂಪಿಯರು ನೆಲಕ್ಕಿಳಿಯುವಾಗ ಮಣ್ಣಿನ ಪ್ರತಿರೋಧ 8 ಓಮ್ ಇದ್ದರೆ ನಲ್ಲಿಯ ಮೇಲೆ 24 ವೋಲ್ಟು. ಇದು ಓಮನ ನಿಯಮ, ಎಂಟನೆಯವರೂ ಗುಣಿಸಿ ಹೇಳಬಹುದು. ಕಂಬದ ಮೇಲಿನ ಆ ಎರಡು ಎಳೆಯೂ ಕಡಿದಿದ್ದರೆ? ರಾಡಿನ ಪ್ರತಿರೋಧ ಸುಮಾರು 35 ಓಮ್. ಬೇಸಿಗೆಗೆ ಒಣಗಿದ ಮಣ್ಣಿನದು 20 ಓಮ್ ಎಂದುಕೊಳ್ಳಿ. 230 ವೋಲ್ಟಿನಲ್ಲಿ 80ಕ್ಕೂ ಹೆಚ್ಚು ನಲ್ಲಿಯ ಪಾಲಿಗೆ ಬೀಳುತ್ತಿತ್ತು. ಒದ್ದೆ ಬಚ್ಚಲಿನಲ್ಲಿ ಬರಿಗಾಲಲ್ಲಿ ನಿಂತವರಿಗೆ ಅದು ಜುಮ್ಮೆಂದು ಬಿಡುವ ವೋಲ್ಟಲ್ಲ.

ಈ ಮಣ್ಣಿನ ಮಾತು ಮುಖ್ಯ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕೂ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಸೇರಿಸಿ ನೋಡಿದರೆ ಕಲ್ಲುನೆಲದ, ಕಡಿಮೆ ಮಳೆಯ ಜಿಲ್ಲೆಯೂ ಹೌದು. ಮಧುಗಿರಿಯದಂತೂ ಏಕಶಿಲಾ ಬೆಟ್ಟ. ಜಯಮಂಗಲಿ ಹರಿಯುವ ಕೊರಟಗೆರೆಯ ಕಡೆ ಅಷ್ಟಿಷ್ಟು ತಂಪು, ಪಾವಗಡದ ಕಡೆ ಹೋದಂತೆ ಅದೂ ಇಲ್ಲ. ಒಣ ಕಲ್ಲುಮಣ್ಣು ಕರೆಂಟಿಗೆ ಸುಲಭವಾಗಿ ದಾರಿ ಬಿಡುವುದಿಲ್ಲ. ಅದಕ್ಕೇ ಅರ್ತ್ ಗುಂಡಿಗೆ ಇದ್ದಿಲು, ಉಪ್ಪು ತುಂಬಿ, ಬೇಸಿಗೆಯಲ್ಲಿ ಆಗಾಗ ನೀರು ಹಾಕಬೇಕು ಎನ್ನುತ್ತದೆ ಪುಸ್ತಕ. ಟ್ಯಾಂಕರಿನ ಮುಂದೆ ಕೊಡ ಸಾಲಿಟ್ಟು ಕಾಯುವ ಬೀದಿಯಲ್ಲಿ ಅರ್ತಿಗೆ ಒಂದು ಕೊಡ ಎಂದರೆ ಯಾರು ಕೊಟ್ಟಾರು!

ಇನ್ನೊಂದು ಕಾರಣವೂ ಇತ್ತು. ಹಳ್ಳಿಗಳಿಗೆ ದಿನಕ್ಕಿಷ್ಟು ಹೊತ್ತು ಮಾತ್ರ ತ್ರೀ ಫೇಸ್, ಉಳಿದ ಹೊತ್ತು ದೀಪಕ್ಕಷ್ಟೇ ಸಾಲುವ ಸಿಂಗಲ್ ಫೇಸ್ ಎಂದು ಕರೆಂಟನ್ನು ಹಂಚುತ್ತಿದ್ದ ವರ್ಷಗಳವು. ಕಡಲೆಕಾಯಿ, ಅಡಿಕೆ, ಹಿಪ್ಪುನೇರಳೆ ಒಣಗುತ್ತಿದ್ದರೆ ರೈತ ಸುಮ್ಮನಿರುವನೇ? ಕಂಡೆನ್ಸರ್ ಸೇರಿಸಿದ ಕನ್ವರ್ಟರ್ ಹಾಕಿ ಇದ್ದ ಫೇಸಿನಲ್ಲೇ ಬೋರ್‌ವೆಲ್ಲಿನ ಮೋಟಾರು ಓಡಿಸುತ್ತಿದ್ದ. ಅವನ ಸಂಕಟ ಅವನಿಗೆ. ಮೂರು ಫೇಸುಗಳ ಭಾರ ಹೀಗೆ ಏರುಪೇರಾದಾಗ ಹೆಚ್ಚಿನ ಕರೆಂಟು ಹೊರಬೇಕಾದದ್ದು ನ್ಯೂಟ್ರಲ್ ತಂತಿ. ಹೆಚ್ಚು ದುಡಿದದ್ದೂ, ಯಾರ ಲಕ್ಷ್ಯಕ್ಕೂ ಬೀಳದೆ ಹೋದದ್ದೂ ಅದೇ. ಅದರಲ್ಲಿ ಕರೆಂಟೇ ಇಲ್ಲವೆಂದು ನಂಬಿದವರು ಇಂದಿಗೂ ಇದ್ದಾರೆ. ಕೃಷಿಗೂ ಮನೆಗಳಿಗೂ ಬೇರೆ ಬೇರೆ ಮಾರ್ಗ ಎಳೆಯುವ ನಿರಂತರ ಜ್ಯೋತಿ ಯೋಜನೆ ಮುಂದೆ ಬಂತು. 2018ರಿಂದ ಪಾವಗಡದ ತಿರುಮಣಿಯ ಬಳಿ ಸುಮಾರು 13,000 ಎಕರೆಯಲ್ಲಿ ಬಿಸಿಲೇ ವಿದ್ಯುತ್ತಾಗುತ್ತಿದೆ. ಅದರ ಸಾಮರ್ಥ್ಯ 2,050 ಮೆಗಾವಾಟ್. ಬೀದಿಯ ಕಂಬದಿಂದ ಮನೆಗೆ ಬರುವ ಜಾಯಿಂಟನ್ನು ಮಾತ್ರ ಈಗಲೂ ಯಾರೋ ಒಬ್ಬ ಏಣಿ ಹತ್ತಿ ಕೈಯಲ್ಲೇ ಬಿಗಿಯಬೇಕು.

ಕಂಬದ ಜಾಯಿಂಟು ಹೊಸದಾಯಿತು, ಬೋರ್ಡಿನೊಳಗಿನ ಗಂಟು ಕತ್ತರಿಸಿದರು, ಹಿತ್ತಲಲ್ಲಿ ಬೇರೆ ಅರ್ತ್ ಗುಂಡಿ ತೋಡಿದರು. ಸಂಜೆ ಎಲ್ಲರೂ ಪರದೆಯ ಮುಂದೆ ನಿಂತು ರಾಡು ಹಾಕಿಸಿದರು. ಅಕ್ಷರಗಳು ಅಲುಗಲಿಲ್ಲ. ಮನೆಯಾಕೆ ಪರದೆ ನೋಡಲು ಬರಲೇ ಇಲ್ಲ. ನಲ್ಲಿ ಮುಟ್ಟಿ ಮುಟ್ಟಿ ನೋಡುತ್ತಿದ್ದರು. ರೇಡಿಯೊದವರು ಕೇಳಿದ್ದು ಕೊರಟಗೆರೆಗೆ ಬಸ್ ಚಾರ್ಜು ಮಾತ್ರ. ಊಟ ಮಾಡಿಸಿ ಕಳಿಸಿದರು.

ಈಗ ಡುಬ್ಬದ ಮಾನಿಟರುಗಳು ಗುಜರಿಗೆ ಹೋಗಿವೆ. ಚಪ್ಪಟೆ ಪರದೆಯಲ್ಲಿ ಹಾರುವ ಎಲೆಕ್ಟ್ರಾನ್ ಕಿರಣವಿಲ್ಲ. ಪಕ್ಕದ ಪೈಪಿನಲ್ಲಿ ಎಷ್ಟು ಕರೆಂಟು ಹರಿದರೂ ಅದು ನಗುನಗುತ್ತಾ ಇರುತ್ತದೆ. ಮನೆಯಲ್ಲಿ ಈಗ ಆ ಕೆಲಸ ಮಾಡಬೇಕಾದದ್ದು ಮೀಟರ್ ಬೋರ್ಡಿನ ಆರ್.ಸಿ.ಸಿ.ಬಿ. ಎಂಬ ಪುಟ್ಟ ಪೆಟ್ಟಿಗೆ. ಅದರ ತತ್ವವೂ ನಡುಗುವ ಪರದೆಯದೇ. ಹೋಗುವ, ಬರುವ ಎರಡೂ ತಂತಿಗಳನ್ನು ಒಂದು ಕಬ್ಬಿಣದ ಬಳೆಯೊಳಗೆ ಹಾಯಿಸಿರುತ್ತಾರೆ. ಎರಡೂ ಸಮವಾದರೆ ಬಳೆಗೆ ಏನೂ ತಿಳಿಯದು. ಮನೆಗೆ ಹಾಕುವ ಮಾದರಿಯಲ್ಲಿ ಲೆಕ್ಕ ಮೂವತ್ತು ಮಿಲಿಆಂಪಿಯರು ತಪ್ಪುವಷ್ಟರಲ್ಲಿ ಕಡ್ಡಿ ಕೆಳಗೆ ಬಿದ್ದು ಕರೆಂಟು ಹೋಗುತ್ತದೆ. ಆ ಮಧುಗಿರಿಯ ಮನೆಯಲ್ಲಿ ಹೊರದಾರಿ ಹಿಡಿದಿದ್ದುದು ಅದರ ನೂರರಷ್ಟು. ಎಷ್ಟೋ ಮನೆಗಳಲ್ಲಿ 'ಸುಮ್ಸುಮ್ನೆ ಬೀಳ್ತಿತ್ತು' ಎಂದು ಆ ಪೆಟ್ಟಿಗೆಯನ್ನೇ ಕಿತ್ತು ನೇರ ವೈರು ಕೊಟ್ಟಿರುವುದನ್ನು ನೀವೂ ಕಂಡಿರಬಹುದು. ಸುಮ್ಮಸುಮ್ಮನೆ ಅದು ಬೀಳುವುದು ಅಪರೂಪ.

ಆ ಹುಡುಗಿ ಮದುವೆಯಾಗಿ ಶಿರಾಕ್ಕೆ ಹೋದಳು. ಅಲ್ಲಿ ಜೆರಾಕ್ಸ್, ಟೈಪಿಂಗ್ ಅಂಗಡಿ ಇಟ್ಟುಕೊಂಡಿದ್ದಾಳೆ. 2019ರಲ್ಲಿ ಮಹಡಿಯ ಮೇಲೆ ಮನೆ ಕಟ್ಟಿಸಿದಾಗ, ಗೃಹಪ್ರವೇಶದ ಮುನ್ನಾದಿನ ಇದೇ ಕಡ್ಡಿ ಮೂರು ಸಲ ಬಿತ್ತು. ನೆಂಟರು ಬಂದಾಗಿತ್ತು, ಕತ್ತಲೆ. ಎಲೆಕ್ಟ್ರಿಷಿಯನ್ ಹುಡುಗ ಸ್ಕ್ರೂಡ್ರೈವರ್ ತೆಗೆದ. 'ಡೈರೆಕ್ಟ್ ಕೊಟ್‌ಬಿಡ್ತೀನಿ ಅಕ್ಕಾ, ನಾಳೆ ಕಳೀಲಿ.'

'ಮುಟ್‌ಬೇಡ ಕಣಪ್ಪಾ. ಎಲ್ಲಿ ಸೋರ್ತೈತೆ ಮೊದ್ಲು ನೋಡು' ಎಂದಳು.

ಒಂದೊಂದೇ ಪಾಯಿಂಟು ಬಿಚ್ಚಿ ನೋಡುವಷ್ಟರಲ್ಲಿ ರಾತ್ರಿ ಹನ್ನೊಂದಾಯಿತು. ಗೀಸರಿನ ಪಾಯಿಂಟಿನಲ್ಲಿ ನ್ಯೂಟ್ರಲ್ಲೂ ಅರ್ತೂ ಒಂದೇ ಸ್ಕ್ರೂವಿನಡಿ ಕೂತಿದ್ದವು. ಬಿಡಿಸಿ ಹಾಕಿದ ಮೇಲೆ ಕಡ್ಡಿ ನಿಂತಿತು. ಮಗಳು ಬೆವರೊರೆಸಿಕೊಂಡು ಬಚ್ಚಲಿನಿಂದ ಈಚೆ ಬಂದರೆ, ಮಧುಗಿರಿಯಿಂದ ಬಂದಿದ್ದ ತಾಯಿ ಮೋಂಬತ್ತಿ ಹಿಡಿದು ಬಾಗಿಲಲ್ಲೇ ನಿಂತಿದ್ದರು.

'ನಲ್ಲಿ ಮುಟ್ಟಿ ನೋಡಿದ್ಯಾ?' ಎಂದು ಕೇಳಿದರು.